ನೂರು ಮೀಟರಿನ ಆಚೆ ಈಚೆ

ಟಕ್. ಸ್ವಲ್ಪ ತಡೆದು ಮತ್ತೆ ಟಕ್, ಟಕ್. ತಿಪಟೂರು ಸೀಮೆಯ ಅರಳಗುಪ್ಪೆಯ ತೆಂಗಿನ ತೋಟಗಳ ನಡುವಿನ ಗಾಡಿದಾರಿಗೆ ಇಳಿದರೆ ಮೊದಲು ಎದುರಾಗುವುದು ಈ ಸದ್ದು. ಮನೆ ಆಮೇಲೆ ಕಾಣುತ್ತದೆ, ಜನ ಇನ್ನೂ ಆಮೇಲೆ. ಗರಿಗಳ ಸಂದಿಯಿಂದ ಇಳಿದ ಬಿಸಿಲು ನೆಲದ ಮೇಲೆ ಚೂರುಚೂರಾಗಿ ಬಿದ್ದಿರುತ್ತದೆ; ಗಾಳಿ ಬಂದಾಗ ಆ ಚೂರುಗಳೆಲ್ಲ ಒಟ್ಟಿಗೆ ಜಾಗ ಬದಲಿಸುತ್ತವೆ. ನೀವೂ ಜೊತೆಗೆ ಬನ್ನಿ, ಮಾತಾಡಬೇಕಾಗಿಲ್ಲ. ದಾರಿಯಂಚಿನ ಮಟ್ಟೆ ರಾಶಿಯ ಮೇಲೆ ನಾಯಿಯೊಂದು ಬೆಚ್ಚಗೆ ಮಲಗಿದೆ. ಅದು ಕಣ್ಣು ತೆರೆದು ನಮ್ಮನ್ನು ನೋಡಿ, ಬೊಗಳುವಷ್ಟು ದೊಡ್ಡವರಲ್ಲ ಎಂದು ತೀರ್ಮಾನಿಸಿ ಮತ್ತೆ ಮುಚ್ಚಿಕೊಳ್ಳುತ್ತದೆ.

ತೋಟದ ಮನೆಯ ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿ ಗುಡ್ಡೆ ಬಿದ್ದಿದೆ. ಹತ್ತು ಹನ್ನೊಂದು ತಿಂಗಳು ಮಟ್ಟೆ ಸಮೇತ ಅಟ್ಟದ ಮೇಲೆ ಕೂತ ಕಾಯಿ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಒಳಗೇ ಗುಡುಗುಡು ಉರುಳತೊಡಗಿದ ಮೇಲೆ ಕೆಳಗಿಳಿಸುತ್ತಾರೆ. ಒಬ್ಬ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ತಿರುವಿ, ಮಟ್ಟೆ ಬಿಡಿಸಿ ಎಸೆಯುತ್ತಾನೆ. ಇನ್ನೊಬ್ಬ ಕುಕ್ಕರಗಾಲಲ್ಲಿ ಕೂತು ಅಂಗೈಯಲ್ಲಿ ಕಾಯಿ ತಿರುಗಿಸುತ್ತ ಮಚ್ಚಿನಿಂದ ಸಣ್ಣ ಸಣ್ಣ ಏಟು ಕೊಡುತ್ತಾನೆ. ದಾರಿಯಲ್ಲಿ ಕೇಳಿದ ಸದ್ದು ಇದೇ. ಚಿಪ್ಪು ಒಡೆಯಬೇಕು, ಉಂಡೆಗೆ ಮಚ್ಚು ತಾಗಬಾರದು. ಪಕ್ಕದಲ್ಲಿ ನಾಲ್ಕೈದು ಹೆಂಗಸರು ಕಾಲು ಚಾಚಿ ಕೂತು, ಉಂಡೆಗೆ ಅಂಟಿಕೊಂಡ ಹೊಟ್ಟು, ಚಿಪ್ಪಿನ ಚೂರುಗಳನ್ನು ಸಣ್ಣ ಚಾಕುವಿನಲ್ಲಿ ಹೆರೆದು ನುಣ್ಣಗೆ ಮಾಡುತ್ತಿದ್ದಾರೆ. ಅವರ ಕೈಬಳೆಗಳೆಲ್ಲ ಜಿಡ್ಡಿನಿಂದ ಮಿರಮಿರ. ಕೊಬ್ಬರಿಯ ಸಿಹಿ, ಮಟ್ಟೆಯ ಧೂಳು, ಹಿತ್ತಲಿನ ಒಲೆಯಲ್ಲಿ ಉರಿಯುವ ಚಿಪ್ಪಿನ ಹೊಗೆ, ಮೂರೂ ಸೇರಿದ ಒಂದು ವಾಸನೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ಬೆಂಗಳೂರಿಗೆ ಹೋಗಿ ನೆಲೆಸಿದರೂ ಅವರ ಟ್ರಂಕಿನ ಬಟ್ಟೆಯಿಂದ ಈ ವಾಸನೆ ಹೋಗುವುದಿಲ್ಲ.

ಉಂಡೆ ಇಡಿಯಾಗಿ ಬಂದರೆ ತಿಪಟೂರಿನ ಎಪಿಎಂಸಿ ಹರಾಜಿನಲ್ಲಿ ಒಂದು ಬೆಲೆ, ಹೋಳಾದರೆ ಇನ್ನೊಂದು. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಗೊತ್ತು ಮಾಡಿದ್ದರು. ಆ ವರ್ಷ ಪೇಟೆಯ ಬೆಲೆ ಅದರ ಎರಡರಷ್ಟನ್ನೂ ದಾಟಿತು. ಅಂಥ ದಿನಗಳಲ್ಲಿ ಮಚ್ಚಿನ ಒಂದೊಂದು ಏಟಿಗೂ ಲೆಕ್ಕ. ಹೀಗಾಗಿ ಈ ಸೀಮೆಯಲ್ಲಿ ಒಬ್ಬ ಮನುಷ್ಯ ಕುಡಿತಕ್ಕೆ ಬಿದ್ದಿದ್ದಾನೆ ಎಂಬುದು ಮೊದಲು ತಿಳಿಯುವುದು ಡಾಕ್ಟರಿಗಲ್ಲ, ಕೊಬ್ಬರಿ ಹೆರೆಯುವ ಹೆಂಗಸರಿಗೆ. ಹೋಳಾದ ಉಂಡೆ ಮಡಿಲಿಗೆ ಬಂದು ಬೀಳುವುದು ಹೆಚ್ಚಾದರೆ ಅವರು ತಲೆಯೆತ್ತಿ ಮಚ್ಚು ಹಿಡಿದವನ ಕೈ ನೋಡುತ್ತಾರೆ. ಬೆಳಗಿನ ಹೊತ್ತಿಗೇ ಬೆರಳು ನಡುಗುತ್ತಿದ್ದರೆ ತೋಟದ ಯಜಮಾನಿ ಬಯ್ಯುವುದಿಲ್ಲ. "ಇವತ್ತು ಅದು ಬ್ಯಾಡ ಬುಡಪ್ಪ, ಮಟ್ಟೆ ಒತ್ತಾಕು ಓಗು" ಎನ್ನುತ್ತಾಳೆ, ಅಷ್ಟೆ. ಮಟ್ಟೆ ಹೊರಲು ಕೈ ನಡುಗಿದರೂ ನಡೆಯುತ್ತದೆ. ಕೂಲಿ ಮಾತ್ರ ಬೇರೆ. ಅದೇ ಹೊತ್ತಿಗೆ ಬ್ಯಾಗು ಬೆನ್ನಿಗೇರಿಸಿಕೊಂಡ ಅವನ ಹುಡುಗಿ ಆ ದಾರಿಯಲ್ಲಿ ಶಾಲೆಗೆ ಹೋಗುತ್ತಾಳೆ. ಅಪ್ಪ ಮಚ್ಚಿನ ಮುಂದೆ ಕೂತಿದ್ದಾನೋ ಮಟ್ಟೆ ಹೊರುತ್ತಿದ್ದಾನೋ ಎಂದು ಒಂದು ಸಲ ತಿರುಗಿ ನೋಡಿ ಮುಂದೆ ನಡೆಯುತ್ತಾಳೆ. ಅವಳಿಗೂ ಈ ಲೆಕ್ಕ ಗೊತ್ತು.

ಆ ಹುಡುಗಿಯ ಹಿಂದೆಯೇ ನಾವೂ ಊರೊಳಗೆ ಹೋಗೋಣ. ಕಲ್ಲೇಶ್ವರನ ಗುಡಿಗೆ ಒಂದು ಕ್ಷಣ ತಲೆ ಬಗ್ಗಿಸಿ ಒಳಹೊಕ್ಕರೆ ತಣ್ಣನೆಯ ಕತ್ತಲು, ಬಾವಲಿಯ ಘಾಟು. ಕಣ್ಣು ಹೊಂದಿಕೊಂಡ ಮೇಲೆ ಮಾಳಿಗೆ ನೋಡಿ. ಒಂಬತ್ತನೇ ಶತಮಾನದ ನೊಳಂಬರ ಕಾಲದ ಕೆಲಸ. ನಡುವೆ ಕುಣಿಯುವ ಶಿವ, ಸುತ್ತ ದಿಕ್ಕಿಗೊಬ್ಬರಂತೆ ಎಂಟು ದಿಕ್ಪಾಲಕರು. ತಲೆಯ ಮೇಲಿನ ಕಲ್ಲಿನಲ್ಲಿ ಇಷ್ಟು ಸಣ್ಣ ಬೆರಳು, ಇಷ್ಟು ತೆಳು ಸರ ಬಿಡಿಸಿದವನ ಕೈ ಒಂದು ದಿನವೂ ನಡುಗಲಿಲ್ಲವೇ ಎಂದು ಅನ್ನಿಸುವುದು ಬಹುಶಃ ಈಗಷ್ಟೇ ಕೊಬ್ಬರಿ ಅಂಗಳದಿಂದ ಬಂದವರಿಗೆ ಮಾತ್ರ. ಊರಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವನ ಗುಡಿಯೂ ಇದೆ, ಅದು ಹದಿಮೂರನೇ ಶತಮಾನದ್ದು. ಅದನ್ನು ನೋಡಲು ಕೂತರೆ ಇವತ್ತಿನ ಮಾತು ಉಳಿದುಹೋಗುತ್ತದೆ.

ಇವತ್ತಿನ ಮಾತು ಇದು: ಕುಡಿತ ಬಿಡಿಸುವ ಮನೆಯೊಂದು ಶಾಲೆಯ ಪಕ್ಕ ಬಂದರೆ ಊರು ಏನೆನ್ನುತ್ತದೆ? ಅರಳಗುಪ್ಪೆಯಲ್ಲಿ ಅಂಥದು ಬರುತ್ತದೆ ಎಂದು ಯಾರೂ ಹೇಳಿಲ್ಲ. ಅಂಗಡಿ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂತು, ಟೀ ಬರುವವರೆಗೆ ಸುಮ್ಮನಿರಲಾರದೆ ನಾನೇ ಎತ್ತಿದ ಮಾತು. ಬರುತ್ತದೆ ಎಂದು ಹೇಳಲಿಲ್ಲ, "ಬಂದ್ರೆ?" ಎಂದೆ. ಆ ಎರಡಕ್ಷರ ಸಾಕಾಯಿತು.

"ಇಸ್ಕೂಲ್ ಪಕ್ಕನಾ? ಮಾತೇ ಆಡಬ್ಯಾಡಿ ಸಾಮಿ," ಎಂದರು ಪಂಚೆಯ ಚುಂಗು ಕೈಯಲ್ಲಿ ಹಿಡಿದು ನಿಂತಿದ್ದ ಹಿರಿಯರು. "ಎಣ್ಣುಮಕ್ಳು ಓಡಾಡೋ ಜಾಗ. ಎಲ್ಲೆಲ್ಲಿಂದನೋ ಕುಡುಕ್ರು ಬಂದು ಕೂತ್ಕಂಡ್ರೆ?"

"ಎಲ್ಲೆಲ್ಲಿಂದನೋ ಯಾಕಜ್ಜ, ಇಲ್ಲೇ ಬೇಕಾದಷ್ಟು ಅವ್ರಲ್ಲ," ಎಂದ ಆಟೊದ ಹುಡುಗ. ನಗು ಹುಟ್ಟಿತು. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ನಗಲಿಲ್ಲ. ಕನ್ನಡಕ ಒರೆಸಿಕೊಂಡು, "ನೂರು ಮೀಟರ್ ಒಳಗೆ ಕೊಡೋ ಹಾಗಿಲ್ಲ, ಕಾನೂನಿದೆ," ಎಂದರು. ಅವರು ಹೇಳಿದ ಕಾನೂನು ಇದೆ. ಆದರೆ ಅದು ಕುಡಿತ ಬಿಡಿಸುವ ಮನೆಗಲ್ಲ, ಕುಡಿಸುವ ಅಂಗಡಿಗೆ.

ಆ ಕಾನೂನು ಓದಲು ಸ್ವಾರಸ್ಯವಾಗಿದೆ. 1967ರ ಕರ್ನಾಟಕ ಅಬಕಾರಿ ಲೈಸೆನ್ಸುಗಳ ನಿಯಮದಲ್ಲಿ, ಶಾಲೆ, ಗುಡಿ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂದಿದೆ. ಅಳೆಯುವ ಕ್ರಮವನ್ನೂ ಹೇಳುತ್ತದೆ: ಅಂಗಡಿ ಬಾಗಿಲಿನ ನಟ್ಟನಡುವಿನಿಂದ ಹೊರಟು, ಸಾಮಾನ್ಯ ಮನುಷ್ಯ ನಡೆದುಹೋಗುವ ಹತ್ತಿರದ ದಾರಿ ಹಿಡಿದು, ಶಾಲೆಯ ಹತ್ತಿರದ ಗೇಟಿನ ನಟ್ಟನಡುವಿಗೆ. ಹಕ್ಕಿ ಹಾರುವ ನೇರ ಅಳತೆಯಲ್ಲ, ಕಾಲು ನಡೆಯುವ ಅಳತೆ. ಅಂದರೆ ಬೇಲಿ ಹಾಕಿ ದಾರಿಯನ್ನು ಸ್ವಲ್ಪ ಬಳಸಿದರೆ ಮೀಟರುಗಳೂ ಬೆಳೆಯುತ್ತವೆ. ಎಷ್ಟೋ ಊರುಗಳಲ್ಲಿ ಅಳತೆಯ ಟೇಪು ಹಿಡಿದವರ ಹಿಂದೆ ಅರ್ಧ ಊರು ನಡೆದದ್ದು ಈ ಕಾರಣಕ್ಕೇ. ಬೀಡಿ ಸಿಗರೇಟಿಗೆ ಬೇರೆ ಅಳತೆ, 2003ರ ತಂಬಾಕು ಕಾಯ್ದೆಯಂತೆ ಶಾಲೆಯಿಂದ 100 ಗಜ. ಹೆದ್ದಾರಿಯಿಂದ ಎಷ್ಟು ದೂರ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೇ ಹೋಗಿ, 2016ರ ಡಿಸೆಂಬರಿನಲ್ಲಿ 500 ಮೀಟರ್ ಎಂದಾಗಿ, ಮರುವರ್ಷ ಇಪ್ಪತ್ತು ಸಾವಿರದೊಳಗಿನ ಜನಸಂಖ್ಯೆಯ ಊರುಗಳಿಗೆ 220 ಮೀಟರ್ ಎಂದು ಇಳಿಯಿತು.

ಇಷ್ಟೆಲ್ಲ ಅಳತೆ ಇರುವ ನಾಡಿನಲ್ಲಿ ಯಾವ ಹಳ್ಳಿಗೆ ಬೇಕಾದರೂ ಹೋಗಿ, ಪೆಟ್ಟಿಗೆ ಅಂಗಡಿಯ ಬಿಸ್ಕತ್ ಡಬ್ಬದ ಹಿಂದೆ ಕೂತ ಮದ್ಯದ ಟೆಟ್ರಾ ಪ್ಯಾಕಿಗೆ ಒಂದು ಮೀಟರೂ ಇಲ್ಲ. ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂದು ಕೂತಿತು. 2019ರ ಜನವರಿಯಲ್ಲಿ ಮದ್ಯ ಬೇಡವೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಇದೇ ತುಮಕೂರು ಜಿಲ್ಲೆಯ ಹೆದ್ದಾರಿಯಲ್ಲಿ, ಚಳಿಯಲ್ಲಿ, ಚೀಲ ಹೊತ್ತು. ಅವರು ಅಂಗಡಿ ಎಷ್ಟು ದೂರ ಇರಬೇಕು ಎಂದು ಕೇಳಲು ಹೋಗಿರಲಿಲ್ಲ.

ಟೀ ಬಂತು. ಸಣ್ಣ ಗಾಜಿನ ಲೋಟ, ಮೇಲೆ ಕೆನೆಯ ಎಳೆ. ಮೇಷ್ಟ್ರಿಗೆ ನಾನು ಹೇಳಿದೆ: ಚಿಕಿತ್ಸೆಯ ಮನೆಗೆ ಅನ್ವಯಿಸುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಕುಡಿತ, ಮಾದಕವಸ್ತುಗಳಿಂದ ಬರುವ ಮನಸ್ಸಿನ ತೊಂದರೆಯನ್ನೂ ಅದು ಕಾಯಿಲೆ ಎಂದೇ ಎಣಿಸುತ್ತದೆ. ರೋಗಿಗಳನ್ನು ಇಟ್ಟುಕೊಂಡು ನೋಡುವ ಕೇಂದ್ರ ನೋಂದಣಿಯಾಗಲೇಬೇಕು ಎನ್ನುತ್ತದೆ. ಶಾಲೆಯಿಂದ ಇಷ್ಟು ದೂರ ಎಂಬ ಮಾತು ಅದರಲ್ಲಿಲ್ಲ. ಬದಲಿಗೆ, ಅಂಥವರಿಗೆ ಸಮಾಜದ ನಡುವೆಯೇ ಬದುಕುವ ಹಕ್ಕಿದೆ, ಬೇರೆ ಮಾಡಿ ಇಡಕೂಡದು ಎಂಬ ಒಂದು ಕಲಮು ಇದೆ. ಮೇಷ್ಟ್ರು ಲೋಟ ಕೆಳಗಿಟ್ಟರು. "ಕಲಮು ಇರಬಹುದು. ಮಕ್ಕಳ ತಾಯಂದ್ರಿಗೆ ಯಾರು ಹೇಳ್ತಾರೆ?"

ಈ ಸೀಮೆಗೆ ಕುಡಿತ ಬಿಡಿಸುವ ಜಾಗ ಹೊಸದೇನಲ್ಲ ಎಂಬುದು ಇನ್ನೊಂದು ಸೋಜಿಗ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ರಾಜ್ಯದ ತಾಲ್ಲೂಕು ತಾಲ್ಲೂಕುಗಳಲ್ಲಿ ನಡೆದಿವೆ. ಎಂಟು ದಿನ. ಕಲ್ಯಾಣ ಮಂಟಪವೋ ಸಮುದಾಯ ಭವನವೋ ಗುಡಿಯ ಛತ್ರವೋ ಸಿಕ್ಕರೆ ಸಾಕು. ಮೊದಲ ದಿನ ಅಣ್ಣನೋ ಹೆಂಡತಿಯೋ ಕೈಹಿಡಿದು ತಂದು ಬಿಟ್ಟುಹೋಗುತ್ತಾರೆ. ಜೇಬು, ಚೀಲ, ಚಪ್ಪಲಿಯ ಅಡಿ, ಎಲ್ಲವನ್ನೂ ತಡಕುತ್ತಾರೆ. ಮೊದಲ ಮೂರು ದಿನವೇ ಕಷ್ಟ. ಕೊನೆಯ ಗುಟುಕಿನಿಂದ ಆರೆಂಟು ಗಂಟೆ ಕಳೆಯುವಷ್ಟರಲ್ಲಿ ನಡುಕ ಹತ್ತುತ್ತದೆ. ಎರಡು ಮೂರನೆಯ ದಿನ ಬೆವರು, ನಿದ್ದೆಗೇಡು, ಕೆಲವರಿಗೆ ಇಲ್ಲದ್ದು ಕಾಣುವುದು, ಫಿಟ್ಸು. ಡಾಕ್ಟರು ಇಲ್ಲದಿದ್ದರೆ ಜೀವಕ್ಕೇ ಸಂಚಕಾರ ಬರುವ ಹೊತ್ತು ಅದು. ನಾಲ್ಕನೆಯ ದಿನಕ್ಕೆ ಉಪ್ಪಿಟ್ಟಿನ ವಾಸನೆ ಮೂಗಿಗೆ ಹತ್ತುತ್ತದೆ, ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಬೆಳಿಗ್ಗೆ ಯೋಗ, ಆಮೇಲೆ ಆಪ್ತಸಮಾಲೋಚನೆ, ಸಂಜೆ ಭಜನೆ. ಒಂದು ದಿನ ಮನೆಯವರನ್ನು ಕರೆಸುತ್ತಾರೆ. ಆ ದಿನ ಹೆಂಗಸರು ರೇಷ್ಮೆ ಸೀರೆ ಉಟ್ಟು ಬರುವುದನ್ನು ಕಂಡವರಿಗೆ ಇದು ಆಸ್ಪತ್ರೆಯೋ ಮದುವೆಮನೆಯೋ ತಿಳಿಯುವುದಿಲ್ಲ. ಕೊನೆಗೆ ಊರಿನ ಗಣ್ಯರು ವೇದಿಕೆ ಏರಿ ಹಾರ ಹಾಕಿಸಿಕೊಳ್ಳುತ್ತಾರೆ. ಅವರಲ್ಲಿ ಒಬ್ಬಿಬ್ಬರು ಮುಂದಿನ ಶಿಬಿರಕ್ಕೆ ಸೇರಬೇಕಾದವರೂ ಇರುತ್ತಾರೆ ಎಂಬುದು ಸಭಿಕರ ಪಿಸುಮಾತು.

ಇಂಥ ಶಿಬಿರಕ್ಕೆ ಊರು ತಕರಾರು ಎತ್ತುವುದು ಕಡಿಮೆ. ಯಾಕೆಂದರೆ ಅದು ಎಂಟು ದಿನಕ್ಕೆ ಪೆಂಡಾಲು ಬಿಚ್ಚಿಕೊಂಡು ಹೋಗುತ್ತದೆ. ಅದೇ ಕೆಲಸಕ್ಕೆ ಇಟ್ಟಿಗೆ ಸಿಮೆಂಟು ಇಳಿಯಿತೋ, ಅರ್ಜಿ ಏಳುತ್ತದೆ. ಬಿಡಿಸಿಕೊಳ್ಳುವವರು ಅವರೇ, ಊರೂ ಅದೇ. ಗೋಡೆ ಕಟ್ಟಿದರೆ ಮಾತ್ರ ಭಯ.

ಈ ಭಯಕ್ಕೆ ನಮ್ಮ ಸೀಮೆಯದೇ ಗುತ್ತಿಗೆ ಏನಿಲ್ಲ. ಅಮೆರಿಕದ ಟೆಕ್ಸಸ್ಸಿನಲ್ಲಿ ಕ್ಲೀಬರ್ನ್ ಎಂಬ ಸಣ್ಣ ಊರು. 1980ರಲ್ಲಿ ಅಲ್ಲಿನ ಒಂದು ಮನೆಯನ್ನು ಬುದ್ಧಿಮಾಂದ್ಯತೆ ಇದ್ದ 13 ಮಂದಿ ಗಂಡಸರು ಹೆಂಗಸರ ವಾಸಕ್ಕೆ ಕೊಡಬೇಕೆಂದು ಹೊರಟರು. ಪುರಸಭೆ ಅನುಮತಿ ನಿರಾಕರಿಸಿತು. ಕೊಟ್ಟ ಕಾರಣಗಳಲ್ಲಿ ಒಂದು: ರಸ್ತೆಯ ಎದುರಿಗೇ ಶಾಲೆ ಇದೆ, ಆ ಮಕ್ಕಳು ಇವರನ್ನು ಕಾಡಬಹುದು. ಇನ್ನೊಂದು, ಐನೂರು ವರ್ಷಕ್ಕೊಮ್ಮೆ ಪ್ರವಾಹ ಬರಬಹುದಾದ ಜಾಗ ಇದು! ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1985ರಲ್ಲಿ ತೀರ್ಪು ಬಂತು. ಅದರಲ್ಲಿ ನ್ಯಾಯಾಧೀಶರು ಎತ್ತಿ ತೋರಿಸಿದ ಒಂದು ಸಣ್ಣ ಸಂಗತಿ ನನಗೆ ಮರೆಯುವುದಿಲ್ಲ. ಯಾವ ಶಾಲೆಯ ಹೆಸರು ಹೇಳಿ ಬೇಡ ಎಂದಿದ್ದರೋ ಅದೇ ಶಾಲೆಯಲ್ಲಿ ಅಂಥದೇ ತೊಂದರೆಯ ಸುಮಾರು 30 ಮಕ್ಕಳು ಆಗಲೇ ಓದುತ್ತಿದ್ದರು. ಪುರಸಭೆಯ ನಿರಾಕರಣೆ ನಿಲ್ಲಲಿಲ್ಲ. ಅಲ್ಲಿಯದು ಬುದ್ಧಿಮಾಂದ್ಯರ ಮನೆ, ನಮ್ಮದು ಕುಡಿತದ ಮಾತು, ನಿಜ. ಆದರೆ ಮಟ್ಟೆ ಹೊರುತ್ತಿದ್ದ ಅಪ್ಪನನ್ನು ತಿರುಗಿ ನೋಡಿದ ಹುಡುಗಿ ಈಗ ಇದೇ ಊರ ಶಾಲೆಯಲ್ಲಿ ಹಾಜರಿ ಹೇಳುತ್ತಿರುತ್ತಾಳೆ.

ದೂರ ಇಡುವ ಪ್ರಯತ್ನ ಎಷ್ಟು ದಿನ ನಿಲ್ಲುತ್ತದೆ ಎಂಬುದಕ್ಕೆ ಬೆಂಗಳೂರು ನೋಡಬೇಕು. ಹಳೆಯ ಪೇಟೆಯ ಹತ್ತಿರ ಇದ್ದ ಹುಚ್ಚಾಸ್ಪತ್ರೆಯನ್ನು 1930ರ ದಶಕದಲ್ಲಿ ಊರ ಹೊರಗಿನ ಹೊಸೂರು ರಸ್ತೆಗೆ ಸಾಗಿಸಿದರು. ಅದೇ 1974ರಲ್ಲಿ ನಿಮ್ಹಾನ್ಸ್ ಆಯಿತು. ವ್ಯಸನದ ಚಿಕಿತ್ಸೆಗೆ ಅಲ್ಲಿ ಬೇರೆಯೇ ಕೇಂದ್ರ ಇದೆ. ಈಗ ಅದರ ಸುತ್ತ ಕಾಲೇಜು, ಶಾಲೆ, ಕಲ್ಯಾಣ ಮಂಟಪ, ಸಿಗ್ನಲ್ಲು. ಮಾಗಡಿ ರಸ್ತೆಯಲ್ಲಿ ಕುಷ್ಠರೋಗಿಗಳಿಗೆಂದು ಎಪ್ಪತ್ತರ ದಶಕದ ಕೊನೆಗೆ ಶುರುವಾದ ಸುಮನಹಳ್ಳಿ ಇವತ್ತು ಮೇಲ್ಸೇತುವೆಯ ಹೆಸರು, ಕಂಡಕ್ಟರ್ ಕೂಗುವ ಸ್ಟಾಪಿನ ಹೆಸರು. ದೂರ ಕಳಿಸಿದ ಜಾಗಕ್ಕೇ ಊರು ನಡೆದುಕೊಂಡು ಹೋಯಿತು.

ಹಾಗೆಂದು ಕಲ್ಲುಚಪ್ಪಡಿಯ ಮೇಲಿನ ಹಿರಿಯರ ಭಯವನ್ನು ಬರಿ ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನೋಂದಣಿಯಿಲ್ಲದ, ಡಾಕ್ಟರಿಲ್ಲದ, ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಕೇಂದ್ರಗಳೂ ಇವೆ. ಬೆಂಗಳೂರಿನ ಅಂಚಿನ ಖಾಸಗಿ ಕೇಂದ್ರವೊಂದರಲ್ಲಿ ಒಳಗಿದ್ದವನನ್ನು ಹೊಡೆಯುವ ವಿಡಿಯೊ 2025ರಲ್ಲಿ ಎಲ್ಲರ ಫೋನಿನಲ್ಲೂ ಓಡಾಡಿತು. ಅಂಥ ಮನೆ ಶಾಲೆಯ ಪಕ್ಕ ಬೇಡ ಎನ್ನುವವರು ಸರಿ. ಆದರೆ ಅಂಥದು ಸ್ಮಶಾನದ ಪಕ್ಕವೂ ಬೇಡ. ಶಾಲೆಗೆ ಹತ್ತಿರವಿದ್ದರೆ ಕೆಟ್ಟದ್ದು, ದೂರವಿದ್ದರೆ ಪರವಾಗಿಲ್ಲ ಎನ್ನುವಾಗಲೇ ನಾವು ಒಳಗಿರುವವನನ್ನು ಲೆಕ್ಕದಿಂದ ಬಿಟ್ಟಿರುತ್ತೇವೆ. ದೆಹಲಿಯ ಏಮ್ಸ್ 2019ರಲ್ಲಿ ಹೊರತಂದ ದೇಶವ್ಯಾಪಿ ಸಮೀಕ್ಷೆಯಂತೆ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಏನೋ ಒಂದು ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಮಲಗಿಸಿ ನೋಡಿದ್ದು 180ರಲ್ಲಿ ಒಬ್ಬರನ್ನು. ಉಳಿದ 179 ಮಂದಿ ಯಾವ ಶಾಲೆಯಿಂದಲೂ ದೂರದಲ್ಲಿಲ್ಲ, ತಂತಮ್ಮ ಮನೆಯಲ್ಲೇ ಇದ್ದಾರೆ.

ಈ ಅಂಕಿಗಳನ್ನು ಕಟ್ಟೆಯ ಮೇಲೆ ಹೇಳಿ ಉಪಯೋಗವಿರಲಿಲ್ಲ, ಹೇಳಲೂ ಇಲ್ಲ. ಹೇಳಿದ್ದು ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ಹೆಂಗಸು. ಮಾತು ಎಲ್ಲಿಂದ ಕೇಳಿಸಿಕೊಂಡಳೋ, ನಡಿಗೆ ನಿಧಾನ ಮಾಡಿದಳು.

"ಇಸ್ಕೂಲ್ ಮಕ್ಳು ನೋಡಬಾರ್ದು ಅಂತೀರಲ್ಲ ಮಾವ, ಮನೇಲಿ ಮಕ್ಳು ಏನ್ ನೋಡ್ತಾವೆ ಅಂತ ಯಾರಾದ್ರೂ ಟೇಪ್ ಇಡ್ದು ಅಳದಿದೀರಾ?"

"ನಿಂಗೇನಮ್ಮ ಗೊತ್ತು, ರಾತ್ರಿ ಹೊತ್ತು ಕೂಗಾಟ ಆದ್ರೆ?"

"ಈಗ ಆಗ್ತಿಲ್ವಾ ಕೂಗಾಟ? ಆಗ ಒಂದ್ಕಡೆ ಆಗ್ತದೆ. ಡಾಕ್ಟ್ರು ಇರ್ತಾರೆ."

"ಡಾಕ್ಟ್ರು ರಾತ್ರಿ ಇರ್ತಾರೆ ಅಂತ ಯಾರ್ ಹೇಳಿದ್ರು? ನಮ್ ಆಸ್ಪತ್ರೇಲಿ ಅವ್ರಾ ರಾತ್ರಿ?" ಹಿರಿಯರು ಈಗ ನನ್ನ ಕಡೆ ತಿರುಗಿದರು. "ಬರೆಯೋರಾದ್ರೆ ಅದನ್ನ ಬರೀರಿ ಸಾಮಿ. ರಾತ್ರಿ ಡಾಕ್ಟ್ರು ಇರ್ಬೇಕು. ಕಾಂಪೌಂಡ್ ಇರ್ಬೇಕು. ಬೋರ್ಡು ಇರ್ಬೇಕು, ಕದ್ದುಮುಚ್ಚಿ ನಡೆಸೋ ಅಂಗಿಲ್ಲ. ನಮ್ಮೂರೋರು ಇಬ್ರು ಕಮಿಟೀಲಿ ಇರ್ಬೇಕು."

ಬೇಡ ಎಂದವರೇ ಷರತ್ತು ಹಾಕತೊಡಗಿದ್ದರು. ಮೇಷ್ಟ್ರು, ಶಾಲೆಯ ಸಮಿತಿಯಾದ ಎಸ್‌ಡಿಎಂಸಿಯವರನ್ನು ಕೇಳದೆ ಇಟ್ಟಿಗೆ ಇಳಿಸಬಾರದು ಎಂದು ಸೇರಿಸಿದರು. ಶಾಲೆ ಬಿಡುವ ಹೊತ್ತಿಗೂ ರೋಗಿಗಳ ಮನೆಯವರು ಭೇಟಿಗೆ ಬರುವ ಹೊತ್ತಿಗೂ ಅರ್ಧ ಗಂಟೆ ಅಂತರವಿರಲಿ ಎಂದರು. ಇಲ್ಲದ ಕಟ್ಟಡಕ್ಕೆ ಜಾಗವೂ ಹುಡುಕಲಾಯಿತು. ರೈಲ್ವೆ ಸ್ಟೇಷನ್ ಕಡೆ ಒಂದು ಸೂಚನೆ ಬಂತು, ರೈಲು ಹತ್ತಿರ ಬೇಡ ಎಂದು ಬಿದ್ದುಹೋಯಿತು. ಕೆರೆ ಕಡೆ ಬೇಡ, ಅಲ್ಲಿ ನೀರು. ಹಾಗಾದರೆ ಊರಿಂದ ಎರಡು ಮೈಲಿ ಆಚೆ ಎಂದು ಯಾರೋ ಅಂದರು.

"ಎರಡು ಮೈಲಿ ನಾವ್ ಬುತ್ತಿ ಒತ್ಕಂಡು ನಡೀಬೇಕಾ?" ಎಂದಳು ಹಾಲಿನ ಕ್ಯಾನಿನವಳು. "ಬಸ್ ಬುಡುಸ್ತೀರಾ?"

ಬಸ್ಸಿನ ಮಾತು ಬಂದದ್ದೇ ತಡ, ಕುಡುಕರನ್ನು ಎಲ್ಲರೂ ಮರೆತರು. ಬೆಳಗಿನ ಬಸ್ಸು ಯಾಕೆ ತಪ್ಪುತ್ತದೆ, ಹೈಸ್ಕೂಲ್ ಮಕ್ಕಳು ಹೇಗೆ ನೇತಾಡಿಕೊಂಡು ಹೋಗುತ್ತಾರೆ, ಡಿಪೊ ಮ್ಯಾನೇಜರಿಗೆ ಎಷ್ಟು ಸಲ ಹೇಳಿದ್ದಾಯಿತು. ಹತ್ತಿರವೇ ಇರಲಿ, ನಡೆದು ಹೋಗುವ ಹಾಗಿರಲಿ ಎಂಬಲ್ಲಿಗೆ ಸಭೆ ಹೆಚ್ಚುಕಡಿಮೆ ಬಂದು ನಿಂತಿತು. ಆಟೊದ ಹುಡುಗ ಮಾತ್ರ ಟೀ ಲೋಟ ಕೆಳಗಿಟ್ಟು, ದೂರ ಇದ್ದಷ್ಟೂ ಒಳ್ಳೇದು ಸಾ ಎಂದ.